ಒಬ್ಬರು ಒಂದೇ ಸಲ ಹೆದರುತ್ತಾರೆ: ನಮ್ಮ ದೆವ್ವದ ಸಿನಿಮಾದ ರಫ್ ಕಟ್ ತೋರಿಸಿದ ಅನುಭವ

ದೆವ್ವದ ಸಿನಿಮಾ ಎಡಿಟ್ ಮಾಡುವವರಿಗೆ ಬೇರೆಯವರಿಗಿಲ್ಲದ ಒಂದು ಕಷ್ಟ ಇದೆ. ಶಾಟ್‌ಗಳನ್ನು ಜೋಡಿಸುವ ಟೈಮ್‌ಲೈನ್ ಮುಂದೆ ಕೂತ ಕೆಲವೇ ದಿನಕ್ಕೆ ನಮ್ಮ ಸಿನಿಮಾ ನಮ್ಮನ್ನು ಹೆದರಿಸುವುದು ನಿಂತುಹೋಗುತ್ತದೆ. ದೆವ್ವ ಯಾವ ಬಾಗಿಲಿಂದ ಬರುತ್ತದೆ, ಎಷ್ಟನೇ ಫ್ರೇಮಿಗೆ ಬರುತ್ತದೆ, ಎಲ್ಲ ಗೊತ್ತಿರುತ್ತದೆ. ಆಮೇಲೆ ಒಂದು ದೃಶ್ಯ ಭಯ ಹುಟ್ಟಿಸುತ್ತದೋ ಇಲ್ಲವೋ ಎಂದು ಹೇಳಲು ನಮ್ಮಿಂದ ಆಗುವುದಿಲ್ಲ. ಬೇರೆಯವರೇ ಹೇಳಬೇಕು. ಆ ಬೇರೆಯವರೂ ಒಂದೇ ಸಲ ಹೆದರುತ್ತಾರೆ. ಎರಡನೇ ಸಲ ತೋರಿಸಿದರೆ ಅವರೂ ನಮ್ಮ ಹಾಗೆಯೇ.

ನಾವು ಸಿನಿಮಾ ತೆಗೆದಿದ್ದು ಸಕಲೇಶಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ, ಕೂಲಿಯವರಿಗೆಂದು ಸಾಲಾಗಿ ಕಟ್ಟಿ ಈಗ ಖಾಲಿ ಬಿದ್ದಿದ್ದ ಲೈನ್ ಮನೆಯಲ್ಲಿ. ಊರು ಸಣ್ಣದು. ನಟಿಸಿದವರು, ಊಟ ತಂದುಕೊಟ್ಟವರು, ಜೀಪ್ ಕೊಟ್ಟವರು, ಅವರ ಮನೆಯವರು, ಎಲ್ಲರಿಗೂ ಕಥೆ ಮೊದಲೇ ಗೊತ್ತು. ಹಾಗಾಗಿ ಕಥೆ ಗೊತ್ತಿಲ್ಲದವರ ಹೆಸರು ಬರೆದಿಟ್ಟುಕೊಂಡು ಅವರನ್ನು ಜೋಪಾನವಾಗಿ ಬಳಸಿದೆವು. ಮೊದಲ ಕಟ್‌ಗೆ, ಅಂದರೆ ಮೊದಲ ಸಲ ಜೋಡಿಸಿದ ಸಿನಿಮಾಕ್ಕೆ ಕೆಲವರು, ತಿದ್ದಿದ ಕಟ್‌ಗೆ ಬೇರೆ ಕೆಲವರು, ಕೊನೆಗೆಂದು ಇನ್ನೂ ಕೆಲವರು. "ನನಗೂ ತೋರಿಸೋ" ಎಂದು ಬಂದ ಗೆಳೆಯರನ್ನು ಕಾಯಿಸುವುದು ಸುಲಭ ಇರಲಿಲ್ಲ. ಆದರೂ ಇದೊಂದರಲ್ಲಿ ಗಟ್ಟಿಯಾಗಿ ನಿಲ್ಲಬೇಕು.

ರಫ್ ಕಟ್ ಅಂದರೆ ಅರ್ಧಂಬರ್ಧ ಕೆಲಸ, ನಿಜ. ಬಣ್ಣ ತಿದ್ದಿರುವುದಿಲ್ಲ, ಡಬ್ಬಿಂಗ್ ಆಗಿರುವುದಿಲ್ಲ. ಮನೆಯೊಳಗಿನ ಸಂಸಾರದ ಕಥೆಯಾದರೆ ಅಷ್ಟರಲ್ಲೇ ತೋರಿಸಬಹುದು. ಭಯದ ಸಿನಿಮಾ ಹಾಗಲ್ಲ. ಸದ್ದಿಲ್ಲದಿದ್ದರೆ ಅಲ್ಲಿ ಏನೂ ಇರುವುದಿಲ್ಲ, ಸುಮ್ನೆ ಒಬ್ಬ ಹುಡುಗಿ ಕತ್ತಲಲ್ಲಿ ನಡೆಯುತ್ತಿರುತ್ತಾಳೆ. ಅದಕ್ಕೇ ತೋರಿಸುವ ಮೊದಲು ತಾತ್ಕಾಲಿಕ ಸದ್ದಿನ ಕೆಲಸ ಮಾಡಿಕೊಂಡೆವು. ಅದೇ ತೋಟದಲ್ಲಿ ರಾತ್ರಿ ರೆಕಾರ್ಡ್ ಮಾಡಿದ ಜೀರುಂಡೆ, ಹಂಚಿನ ಮೇಲೆ ಬೀಳುವ ಹನಿ, ಖಾಲಿ ಕೋಣೆಯ ಗಾಳಿ. ಹೆಸರು ಮಾಡಿದ ಸಿನಿಮಾಗಳ ಸಂಗೀತವನ್ನು ಬೇಕೆಂದೇ ಹಾಕಲಿಲ್ಲ. ಹಾಕಿದರೆ ಜನ ಆ ಸಂಗೀತಕ್ಕೆ ಹೆದರುತ್ತಾರೆ, ನಮ್ಮ ದೃಶ್ಯದ ಬಗ್ಗೆ ನಮಗೆ ಏನೂ ತಿಳಿಯುವುದಿಲ್ಲ.

ನಾವು ಬಳಸಿದ್ದು ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿ. ಅದರಲ್ಲಿ ಪರದೆಯ ಮೇಲೆ ಟೈಮ್‌ಕೋಡ್, ಅಂದರೆ ಸಿನಿಮಾ ಎಷ್ಟು ಹೊತ್ತಿಗೆ ಬಂದಿದೆ ಎಂಬ ಅಂಕಿ, ಅಚ್ಚು ಮಾಡುವ ಸೌಲಭ್ಯ ಇದೆ. ಅದನ್ನು ಮೂಲೆಯಲ್ಲಿ ಸಣ್ಣದಾಗಿ ಇಟ್ಟೆವು. "ಆ ಬಾವಿ ಸೀನ್ ಹತ್ರ ಏನೋ ಸರಿ ಇಲ್ಲ" ಎನ್ನುವುದಕ್ಕೂ "9 ನಿಮಿಷ 40 ಸೆಕೆಂಡಿನಲ್ಲಿ" ಎನ್ನುವುದಕ್ಕೂ ಬಹಳ ವ್ಯತ್ಯಾಸ. ಬೆಂಗಳೂರಿನಲ್ಲಿದ್ದವರಿಗೆ ವಾಟ್ಸಾಪಿನಲ್ಲಿ ವಿಡಿಯೋ ಹಾಗೇ ಕಳಿಸಲಿಲ್ಲ. ಅದು ಫೈಲನ್ನು ಕುಗ್ಗಿಸುತ್ತದೆ, ಕತ್ತಲ ದೃಶ್ಯವೆಲ್ಲ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಲಿಂಕ್ ಕಳಿಸಿ, ರಾತ್ರಿ ದೀಪ ಆರಿಸಿ ಹೆಡ್‌ಫೋನ್ ಹಾಕಿಕೊಂಡು ನೋಡಿ ಎಂದು ಕೇಳಿಕೊಂಡೆವು.

ಊರಿನವರಿಗೆ ಮನೆಯ ಟಿವಿಯಲ್ಲೇ ತೋರಿಸಿದೆವು. ಮುನ್ನುಡಿ ಹೇಳಲಿಲ್ಲ. ಸೌಂಡ್, ಕಲರ್ ಇನ್ನೂ ಮುಗಿದಿಲ್ಲ ಎಂದಷ್ಟೇ ಹೇಳಿ ದೀಪ ಆರಿಸಿದೆವು. ನಾನು ಟಿವಿಯ ಪಕ್ಕದಲ್ಲಿ, ನೋಡುವವರ ಮುಖ ಕಾಣುವ ಹಾಗೆ ಕೂತೆ. ಆಮೇಲೆ ಅವರು ಏನು ಹೇಳಿದರೂ ಆ ಹೊತ್ತಿನ ಮುಖ ಸುಳ್ಳು ಹೇಳುವುದಿಲ್ಲ. ಯಾರ ಕೈ ಮೊಬೈಲಿನ ಕಡೆ ಹೋಯಿತು, ಯಾರು ಕಾಲು ಮೇಲೆ ಎಳೆದುಕೊಂಡರು, ಯಾರು ಪಕ್ಕದವರನ್ನು ನೋಡಿದರು, ಹೊತ್ತಿನ ಜೊತೆ ಗುರುತು ಹಾಕಿಕೊಂಡೆ. ನಗುವನ್ನೂ ಬರೆದುಕೊಂಡೆ. ಬಿಗಿ ಸಡಿಲವಾದಾಗ ಬರುವ ನಗು ಒಳ್ಳೆಯದು. ದೆವ್ವದ ಮೇಕಪ್ ನೋಡಿ ಬರುವ ನಗು ಬೇರೆಯೇ ಇರುತ್ತದೆ, ಪಕ್ಕದಲ್ಲಿ ಕೂತವರಿಗೆ ಗೊತ್ತಾಗಿಬಿಡುತ್ತದೆ.

ಸಿನಿಮಾ ಮುಗಿದ ಕೂಡಲೇ ಮಾತಿಗೆ ಬಿಡಲಿಲ್ಲ. ಮೊದಲು ಕಾಗದ, ಪೆನ್ನು. ನಮ್ಮ ಕಡೆ ಹಿರಿಯರೊಬ್ಬರು "ಚೆನ್ನಾಗಿದೆ ಮಾರಾಯ" ಎಂದುಬಿಟ್ಟರೆ ಉಳಿದವರು ಅದರ ಮೇಲೆ ಮಾತಾಡುವುದಿಲ್ಲ ಅಲ್ವಾ? ಬರೆಯಲು ಕೊಟ್ಟರೆ ಎಲ್ಲರದ್ದೂ ಸಿಗುತ್ತದೆ. "ಹೇಗಿತ್ತು?" ಎಂದು ಕೇಳಲಿಲ್ಲ. ಕಥೆಯಲ್ಲಿ ಏನಾಯಿತು ಎಂದು ನಿಮ್ಮ ಮಾತಲ್ಲಿ ಬರೆಯಿರಿ, ಎಲ್ಲಿ ಬೇಜಾರಾಯಿತು, ಎಲ್ಲಿ ಅರ್ಥವಾಗಲಿಲ್ಲ, ಕಥೆಯಲ್ಲಿ ಬರುವ ಅಕ್ಕನ ಮೇಲೆ ಅನುಮಾನ ಬಂದಿದ್ದು ಯಾವಾಗ, ಇಷ್ಟೇ. ಮೊದಲ ಪ್ರಶ್ನೆಯ ಉತ್ತರದಲ್ಲೇ ಅರ್ಧ ಕೆಲಸ ಸಿಕ್ಕಿಬಿಡುತ್ತದೆ. ನಾವು ಹೇಳಿದ್ದೇವೆ ಎಂದುಕೊಂಡ ಕಥೆಗೂ ಅವರು ನೋಡಿದ ಕಥೆಗೂ ಎಷ್ಟು ದೂರ ಇದೆ ಎಂದು ಅಲ್ಲಿ ಕಾಣುತ್ತದೆ.

ನನಗೆ ಅತಿ ಹೆಚ್ಚು ಕಲಿಸಿದ್ದು ಒಂದು ರೆಂಬೆ ಮುರಿಯುವ ಸದ್ದು. ಹುಡುಗಿ ರಾತ್ರಿ ಲೈನ್ ಮನೆಯ ಹಿಂದೆ ಹೋಗುತ್ತಾಳೆ, ಕತ್ತಲಲ್ಲಿ ರೆಂಬೆ ಲಟಕ್ಕನೆ ಮುರಿಯುತ್ತದೆ. ಬೆಂಗಳೂರಿನವರು ಹೆದರಿದರು. ನಮ್ಮೂರಿನವರೂ ಹೆದರಿದರು, ಆದರೆ ಆನೆಗೆ! ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರಿಗೆ ರಾತ್ರಿ ತೋಟದಲ್ಲಿ ರೆಂಬೆ ಮುರಿದರೆ ಮೊದಲು ನೆನಪಾಗುವುದು ಅದೇ. ಒಬ್ಬ ದೊಡ್ಡಮ್ಮ ನೇರವಾಗಿ ಕೇಳಿದರು: "ಆನೆ ಓಡಾಡೋ ಜಾಗದಲ್ಲಿ ಆ ಹುಡ್ಗಿ ಬ್ಯಾಟರಿನೂ ಇಲ್ದೆ ಯಾಕ್ ಹೋದ್ಲು?" ಅಲ್ಲಿಂದ ಮುಂದೆ ಅವರು ದೆವ್ವಕ್ಕೆ ಕಾಯಲೇ ಇಲ್ಲ, ಆನೆ ಬರುತ್ತದೆ ಎಂದು ಕಾದರು. ಆ ಎರಡು ನಿಮಿಷ ಪೂರ್ತಿ ಬೇರೆ ಸಿನಿಮಾ ಆಗಿಹೋಗಿತ್ತು.

ಇದನ್ನು ನಾವಾಗಿಯೇ ಕಂಡುಹಿಡಿಯಲು ಸಾಧ್ಯವೇ ಇರಲಿಲ್ಲ. ರೆಂಬೆಯ ಸದ್ದು ತೆಗೆದೆವು. ಅದರ ಬದಲು ಜೀರುಂಡೆಯ ಸದ್ದನ್ನು ಥಟ್ಟನೆ ನಿಲ್ಲಿಸಿದೆವು. ಹತ್ತಿರ ಯಾರಾದರೂ ಓಡಾಡಿದರೆ ಜೀರುಂಡೆಗಳು ಸುಮ್ಮನಾಗುತ್ತವೆ ಎಂದು ತೋಟದಲ್ಲಿ ಬೆಳೆದವರಿಗೆಲ್ಲ ಗೊತ್ತು. ಪೇಟೆಯವರಿಗೆ ಕಾರಣ ಗೊತ್ತಿಲ್ಲದಿದ್ದರೂ ಏನೋ ಆಯಿತು ಎಂದು ಅನ್ನಿಸುತ್ತದೆ. ಹುಡುಗಿಯ ಕೈಗೆ ಬ್ಯಾಟರಿಯನ್ನೂ ಕೊಟ್ಟು ಆ ಭಾಗವನ್ನು ಮತ್ತೆ ಶೂಟ್ ಮಾಡಿದೆವು. ಬ್ಯಾಟರಿ ಬಂದ ಮೇಲೆ ಇನ್ನೊಂದು ಲಾಭ ಆಯಿತು. ಬೆಳಕು ಎಲ್ಲಿ ಬೀಳುತ್ತದೋ ಕಣ್ಣು ಅಲ್ಲೇ ಹೋಗುತ್ತದೆ. ಮೊದಲ ಕಟ್‌ನಲ್ಲಿ ಕಾಫಿ ಗಿಡಗಳ ನಡುವೆ ನಿಂತಿದ್ದ ಆಕೃತಿಯನ್ನು ಹೆಚ್ಚಿನವರು ನೋಡಿರಲೇ ಇಲ್ಲ, ಅವರ ಕಣ್ಣು ಹುಡುಗಿಯ ಮುಖದ ಮೇಲಿತ್ತು. ಎಡಿಟರ್‌ಗೆ ಮಾತ್ರ ಅದು ಢಾಳಾಗಿ ಕಾಣುತ್ತಿತ್ತು, ಎಲ್ಲಿದೆ ಎಂದು ಅವನಿಗೆ ಗೊತ್ತಲ್ಲ. ಈಗ ಬ್ಯಾಟರಿ ಬೆಳಕು ಅದರ ಪಕ್ಕದಲ್ಲೇ ಹಾದುಹೋಗುತ್ತದೆ, ಆಮೇಲೆ ಶಾಟ್ 12 ಫ್ರೇಮ್ ಜಾಸ್ತಿ ನಿಲ್ಲುತ್ತದೆ. ಸೆಕೆಂಡಿಗೆ 24 ಫ್ರೇಮಿನಲ್ಲಿ ಅದು ಬರೀ ಅರ್ಧ ಸೆಕೆಂಡ್. ಅಷ್ಟು ಸಾಕಾಯಿತು.

ಬಂದ ಮಾತುಗಳನ್ನು ತೂಗುವಾಗ, ಸರಿ ಇಲ್ಲ ಎಂದು ಅವರು ತೋರಿಸಿದ ಜಾಗವನ್ನು ನಂಬಿದೆವು, ಅವರು ಹೇಳಿದ ಮದ್ದನ್ನು ನಿಧಾನಕ್ಕೆ ನೋಡಿದೆವು. ಕೊನೆಯ ಬಾಗಿಲಿನ ದೃಶ್ಯಕ್ಕೆ ಸುಮಾರು ಜನ "ಮ್ಯೂಸಿಕ್ ಜೋರು ಮಾಡಿ" ಎಂದು ಬರೆದಿದ್ದರು. ದೃಶ್ಯ ಸಪ್ಪೆಯಾಗಿತ್ತು, ಅದು ಖರೆ. ಕಾರಣ ಮಾತ್ರ ಸಂಗೀತ ಅಲ್ಲ. ಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತು ಎಂಬುದೇ ಅವರ ಗಮನಕ್ಕೆ ಬಂದಿರಲಿಲ್ಲ. ಚಿಲಕ ಹಾಕಿದ ಬಾಗಿಲು ತೆರೆದರೆ ತಾನೇ ಭಯ? ಎರಡು ನಿಮಿಷ ಹಿಂದೆ ಹೋಗಿ ಚಿಲಕ ಹಾಕುವ ಕೈಯ ಕ್ಲೋಸಪ್ ಸೇರಿಸಿದೆವು. ಬಾಗಿಲಿನ ದೃಶ್ಯವನ್ನು ಮುಟ್ಟಲೇ ಇಲ್ಲ. ಮುಂದಿನ ಕಟ್ ನೋಡಿದವರು ಆ ಜಾಗದಲ್ಲಿ ಸಂಗೀತದ ಮಾತೇ ಎತ್ತಲಿಲ್ಲ.

ಜೋರು ಸದ್ದಿಗೆ ಯಾರು ಬೇಕಾದರೂ ಬೆಚ್ಚಿಬೀಳುತ್ತಾರೆ. ಪಾತ್ರೆ ಬಿದ್ದರೂ ಬೆಚ್ಚುತ್ತಾರೆ. ಅದನ್ನು ನೋಡಿ ಗೆದ್ದೆವು ಎಂದುಕೊಳ್ಳಬಾರದು ಎಂದು ಮಾರನೇ ದಿನ ಎಲ್ಲರಿಗೂ ಫೋನ್ ಮಾಡಿ, ರಾತ್ರಿ ಯಾವ ದೃಶ್ಯ ನೆನಪಾಯಿತು ಎಂದು ಕೇಳುತ್ತಿದ್ದೆ. ಸದ್ದಿನ ಜಾಗಗಳನ್ನು ಯಾರೂ ಹೇಳಲಿಲ್ಲ. ಅಕ್ಕ ಬೆನ್ನು ತಿರುಗಿಸಿ ತಲೆ ಬಾಚುವ ದೃಶ್ಯವನ್ನು ಮಾತ್ರ ಮತ್ತೆ ಮತ್ತೆ ಹೇಳಿದರು. ಅದನ್ನು ಕತ್ತರಿಸಬೇಕೆಂದು ನಮ್ಮಲ್ಲೇ ಜಗಳ ನಡೆಯುತ್ತಿತ್ತು. ಉಳಿಯಿತು.

ಇದಾದ ಮೇಲೆ ಹಾಸನದ ಗೆಳೆಯನೊಬ್ಬ ತನ್ನ ರಫ್ ಕಟ್ ಕಳಿಸಿದ. ಶೆಟ್ಟಿಹಳ್ಳಿ ಚರ್ಚ್‌ನಲ್ಲಿ ತೆಗೆದದ್ದು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು, ಈಗ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗುತ್ತದೆ. ನಾನು ನಿಲ್ಲಿಸದೆ ಒಂದು ಸಲ ನೋಡಿದೆ, ನನಗೆ ಏನೇನಾಯಿತು ಅಷ್ಟನ್ನೇ ಬರೆದೆ. ಎರಡನೇ ಸಲ ನೋಡಿ ಹೊತ್ತು ಸೇರಿಸಿದೆ. ಹೀಗೆ ಮಾಡು ಹಾಗೆ ಮಾಡು ಎಂದು ಬರೆಯಲಿಲ್ಲ. "ಡ್ರೋನ್ ಶಾಟ್ ಬಂದಾಗಲೆಲ್ಲ ನಾನು ಪ್ರವಾಸಿ ಆಗ್ತಿದ್ದೀನಿ, ಚರ್ಚ್ ನೋಡ್ತಿದ್ದೀನಿ, ಹುಡುಗನ್ನ ಮರೀತಿದ್ದೀನಿ. ಕಂಬದ ಬುಡದಲ್ಲಿ ನೀರು ಅಲುಗಾಡೋ ಶಾಟ್‌ನಲ್ಲಿ ಉಸಿರು ಹಿಡಿದೆ. ಅಜ್ಜಿ ಜೊತೆಗಿನ ಮಾತು ನನಗೆ ಉದ್ದ ಆಯ್ತು" ಎಂದು ಬರೆದೆ. ಹಿಡಿಸಿದ್ದನ್ನೂ ಹೊತ್ತು ಹಾಕಿಯೇ ಹೇಳಬೇಕು. ಇಲ್ಲದಿದ್ದರೆ ತಿದ್ದುವ ಭರದಲ್ಲಿ ಅದನ್ನೇ ಕಿತ್ತುಹಾಕುತ್ತಾರೆ.

ಅವನು ಒಂದು ಡ್ರೋನ್ ಶಾಟ್ ಉಳಿಸಿಕೊಂಡು ಬೇರೆಯದನ್ನೆಲ್ಲ ತೆಗೆದ. ಅಜ್ಜಿಯ ಮಾತನ್ನು ಮುಟ್ಟಲಿಲ್ಲ, ಕೊನೆಗೆ ಅದು ಬೇಕೇ ಬೇಕು ಅಂದ. ಸರಿ ಅಂದೆ. ಹೊಸ ಕಟ್ ಕಳಿಸಿ, "ಈಗ ಹೆದರಿಕೆ ಆಗುತ್ತಾ ನೋಡಿ ಹೇಳಣ್ಣ" ಎಂದು ಫೋನ್ ಮಾಡಿದ. ಕಥೆ ಜೋಡಣೆ ಬೇಕಾದರೆ ನೋಡುತ್ತೇನೆ, ಹೆದರಿಕೆಯ ಲೆಕ್ಕಕ್ಕೆ ನಾನು ಬರುವುದಿಲ್ಲ ಎಂದು ಹೇಳಿ, ಚರ್ಚನ್ನೂ ಕಥೆಯನ್ನೂ ನೋಡಿರದ ನನ್ನ ಚಿಕ್ಕಮ್ಮನ ಮಗಳ ನಂಬರ್ ಕೊಟ್ಟೆ.