ಕಾಲು ಊದಿದೆ, ಪಾದ ಉರಿಯುತ್ತಿದೆ, ಕಾರಣ ಗೊತ್ತಾಗ್ತಿಲ್ವಾ?

ಮೊದಲು ಊತ ಒಂದೇ ಕಾಲಿಗಾ, ಎರಡಕ್ಕೂನಾ ನೋಡಿ. ಒಂದೇ ಕಾಲು ದಿಢೀರನೆ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಎಣ್ಣೆ ತಿಕ್ಕುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರು ಕಟ್ಟಿದರೆ ತಕ್ಷಣ 108ಕ್ಕೆ ಕರೆ ಮಾಡಿ.

ಎರಡೂ ಕಾಲು ಊದಿದ್ದರೆ ಮಾತ್ರೆ ಡಬ್ಬಿ ತೆಗೆಯಿರಿ. ಹೆಚ್ಚಿನವರು ಇದನ್ನೇ ಬಿಡುತ್ತಾರೆ. ಬಿಪಿಯ ಆಮ್ಲೋಡಿಪಿನ್‌ನಿಂದ ಪಾದ ಊದಬಹುದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ವಿಟಮಿನ್ ಬಿ12 ಇಳಿದು ಜುಮುಜುಮು ಶುರುವಾಗಬಹುದು. ತಮಾಷೆ ಅಂದ್ರೆ, ನರದ ನೋವಿಗೆ ಕೊಡುವ ಪ್ರೀಗಾಬಲಿನ್‌ನಿಂದಲೂ ಕಾಲು ಊದಬಹುದು! ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಯಾವ ಮಾತ್ರೆ ಯಾವಾಗ ಶುರುವಾಯಿತು, ಊತ ಯಾವಾಗ ಬಂತು, ಬೆಳಿಗ್ಗೆ ಇಳಿಯುತ್ತಾ, ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಾ, ಎಲ್ಲ ಬರೆದುಕೊಂಡು ಡಾಕ್ಟರಿಗೆ ತೋರಿಸಿ.

ಪರೀಕ್ಷೆಗಳ ಬಗ್ಗೆ ಕೇಳಿ: ಮೂರು ತಿಂಗಳ ಸಕ್ಕರೆ ಸರಾಸರಿ, ಬಿ12, ಥೈರಾಯ್ಡ್, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಲಿವರ್, ಮೂತ್ರದಲ್ಲಿ ಪ್ರೋಟೀನ್. ಬಿ12 ಇಂಜೆಕ್ಷನ್ ಹಾಕಿಸಿಕೊಂಡ ಮೇಲೆ ಅದರ ಮಟ್ಟ ನೋಡಿ ಪ್ರಯೋಜನವಿಲ್ಲ, ಮೊದಲೇ ರಕ್ತ ಕೊಡಿ. ನರದ ವೇಗ ಅಳೆಯುವ ಪರೀಕ್ಷೆ (ಎನ್‌ಸಿಎಸ್) ನಾರ್ಮಲ್ ಬಂದರೂ ಉರಿ ಸುಳ್ಳಲ್ಲ, ಸಣ್ಣ ನರಗಳ ತೊಂದರೆ ಅದರಲ್ಲಿ ಕಾಣಿಸುವುದಿಲ್ಲ.

ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ನಾಚಿಕೊಳ್ಳದೆ ತೋರಿಸಿ. ಅದು ನರಕ್ಕೂ ತೊಂದರೆ ಕೊಡುವ ಕುಷ್ಠವಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ.