ಜೆರುಬ್ಬಾಬೆಲ್ ಹೆಸರಿನ ಅರ್ಥ ನಾನು ಹಿಡಿದದ್ದು ಹೀಗೆ

ನಮ್ಮ ಬೈಬಲ್ ಅಧ್ಯಯನದ ಗುಂಪಿನಲ್ಲಿ ಮೊದಲು ಯಾರೂ ಒಪ್ಪಲಿಲ್ಲ. ಯೆರೂಸಲೇಮಿನ ದೇವಾಲಯವನ್ನು ಮತ್ತೆ ಕಟ್ಟಿಸಿದವನಿಗೆ ‘ಬಾಬೆಲಿನ (ಅಂದರೆ ಬ್ಯಾಬಿಲೋನಿನ) ಬೀಜ’ ಅಂತ ಹೆಸರಾ? ‘ಅಣ್ಣಾ, ಹೀಬ್ರೂ ಹೆಸರಿಗೆ ಹೀಬ್ರೂನಲ್ಲೇ ಅರ್ಥ ಹುಡುಕಿ’ ಎಂದರು. ಈಗ ಅವರೇ ತಮ್ಮ ಪಾಠಗಳಲ್ಲಿ ಇದನ್ನು ಹೇಳುತ್ತಿದ್ದಾರೆ.

ಹೀಬ್ರೂನಲ್ಲಿ ನಾನು ಹುಡುಕದೆ ಇರಲಿಲ್ಲ. ಹೆಸರುಗಳ ಅರ್ಥ ಹೇಳುವ ಪುಸ್ತಕಗಳಿಗೇ ಸುಮಾರು 3,000 ರೂಪಾಯಿ ಸುರಿದೆ. ಒಂದು ‘ಬಾಬೆಲಿನಲ್ಲಿ ಪರದೇಶಿ’ ಎಂದಿತು, ಇನ್ನೊಂದು ‘ಬಾಬೆಲಿನಲ್ಲಿ ಚದುರಿದವನು’ ಎಂದಿತು. ಹೇಗೆ ಅಂತ ಎರಡೂ ಹೇಳಲಿಲ್ಲ. ಆ ದುಡ್ಡು ದಂಡ. ‘ಝಾರೂವ’, ಅಂದರೆ ಬಿತ್ತಿದ್ದು, ಎಂಬ ಮಾತು ಹತ್ತಿರ ಬಂತು. ಆದರೆ ಅದಕ್ಕೆ ಕೊನೆಯಲ್ಲಿ ಅಯಿನ್ ಎಂಬ ಹೀಬ್ರೂ ಅಕ್ಷರ ಬೇಕು. ಹೆಸರಿನಲ್ಲಿರುವುದು ಝಯಿನ್, ರೇಶ್, ಬೇತ್, ಬೇತ್, ಲಾಮೆದ್ ಅಷ್ಟೇ. ಅಯಿನ್ ಎಲ್ಲಿ ಹೋಯಿತು?

ಬಾಬೆಲಿನ ಹಳೆಯ ಭಾಷೆಯಾದ ಅಕ್ಕಾಡಿಯನ್‌ಗೆ ಹೋದಾಗ ಗಂಟು ಬಿಚ್ಚಿತು. ಹೀಬ್ರೂವಿನ ‘ಝೆರ’, ಅಂದರೆ ಬೀಜ, ಸಂತಾನ, ಅಲ್ಲಿ ‘ಝೇರು’. ಆ ಭಾಷೆಯಲ್ಲಿ ಅಯಿನ್ ಸವೆದುಹೋಗಿದೆ. ಹೆಸರಿನ ನಡುವಿನ ‘ಉ’ಕಾರಕ್ಕೂ ಅಲ್ಲೇ ಲೆಕ್ಕ ಸಿಗುತ್ತದೆ. ‘ಪರದೇಶಿ’ ಅರ್ಥ ಬಿದ್ದುಹೋಗುವುದೂ ಇಲ್ಲೇ, ಯಾಕೆಂದರೆ ಪರದೇಶಿ ಎಂಬ ಅರ್ಥದ ಹೀಬ್ರೂ ಮಾತು ‘ಝಾರ್’ನಲ್ಲಿ ಆ ‘ಉ’ ಇಲ್ಲ. ಝೇರ್-ಬಾಬಿಲಿ ಎಂಬುದು ಬಾಬೆಲಿನ ಮಣ್ಣಿನ ಹಲಗೆಗಳಲ್ಲಿ ಸಿಗುವ ಹೆಸರೇ. ಗ್ರೀಕ್ ಕಾಗುಣಿತ ‘ಝೊರೊಬಾಬೆಲ್’ ಅನ್ನು ಪಕ್ಕಕ್ಕಿಟ್ಟು ಸ್ವರ ತೂಗುವ ನನ್ನದೇ ಒಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಗುಂಪಿನವರನ್ನು ಒಪ್ಪಿಸಿದ್ದು ಮಾತ್ರ ವ್ಯಾಕರಣ ಅಲ್ಲ, ವಂಶಾವಳಿಯೇ. ಒಂದೇ ಹೆಸರನ್ನು ಹಿಡಿದು ಗುದ್ದಾಡಬೇಡಿ, ಮನೆಯವರ ಹೆಸರೆಲ್ಲ ಸಾಲಾಗಿ ಓದಿ. 1 ಪೂರ್ವಕಾಲವೃತ್ತಾಂತ 3ರಲ್ಲಿ ಜೆರುಬ್ಬಾಬೆಲನ ಚಿಕ್ಕಪ್ಪ ಶೆನಚ್ಚರ್ ಇದ್ದಾನೆ. ಆ ಹೆಸರಿನಲ್ಲಿ ಬಾಬೆಲಿನ ಚಂದ್ರದೇವತೆ ಸಿನ್ ಅಡಗಿದ್ದಾನೆ. ಅಜ್ಜ ಯೆಕೊನ್ಯ ಬಾಬೆಲಿನಲ್ಲಿ ಸೆರೆಯಲ್ಲಿದ್ದ ಯೆಹೂದದ ರಾಜ. ಅವನಿಗೂ ಅವನ ಐದು ಮಕ್ಕಳಿಗೂ ಎಣ್ಣೆ ಅಳೆದು ಕೊಟ್ಟ ಲೆಕ್ಕ ಬಾಬೆಲಿನ ಹಲಗೆಗಳಲ್ಲಿದೆ, 1939ರಲ್ಲಿ ಪ್ರಕಟವಾಗಿದೆ. ಅರಮನೆಯ ಪಡಿ ತಿನ್ನುತ್ತಿದ್ದ ಮನೆಯಲ್ಲಿ ಹುಟ್ಟಿದ ಮಗುವಿಗೆ ಊರಿನ ಹೆಸರು ಇಟ್ಟರೆ ಆಶ್ಚರ್ಯ ಏನು? ಇದನ್ನು ತೋರಿಸಿದ ಮೇಲೆ ಎದುರು ಮಾತು ಬರಲಿಲ್ಲ.

ಇದೇ ದಾರಿಯಲ್ಲಿ ಎಸ್ತೇರಳ ಪುಸ್ತಕದ ಮೊರ್ದೆಕೈ ಹೆಸರನ್ನೂ ನೋಡಿದೆ. ಬಾಬೆಲಿನ ಮರ್ದುಕ್ ದೇವರ ಹೆಸರು ಥಟ್ಟನೆ ಸಿಕ್ಕಿತು. ಪೆಲೆಗ್‌ಗೆ ಇದೆಲ್ಲ ಬೇಡ, ಆದಿಕಾಂಡ 10:25 ತಾನೇ ‘ವಿಭಾಗ’ ಎಂಬ ಅರ್ಥ ಹೇಳಿಬಿಡುತ್ತದೆ.

ಜೆರುಬ್ಬಾಬೆಲನ ತಂದೆ ಯಾರು ಎಂಬ ತಕರಾರು ಬೇರೆ. ಎಜ್ರ, ಹಗ್ಗಾಯ, ಮತ್ತಾಯ ಮೂವರೂ ಶೆಯಲ್ತಿಯೇಲ್ ಎನ್ನುತ್ತಾರೆ, ಪೂರ್ವಕಾಲವೃತ್ತಾಂತದ ಹೀಬ್ರೂ ಪಾಠ ಪೆದಾಯ ಎನ್ನುತ್ತದೆ. ಹೆಸರಿನ ಅರ್ಥಕ್ಕೆ ಅದರಿಂದ ತೊಂದರೆ ಇಲ್ಲ, ಇಬ್ಬರೂ ಅದೇ ಮನೆಯವರು. ನನಗೆ ಜಾಸ್ತಿ ಇಷ್ಟವಾದದ್ದು ಮಕ್ಕಳ ಪಟ್ಟಿ. ಬಾಬೆಲಿನ ಹೆಸರು ಹೊತ್ತವನು ತನ್ನ ಮಕ್ಕಳಿಗೆ ಹನನ್ಯ, ಬೆರೆಕ್ಯ, ಹಸದ್ಯ ಅಂತ ಇಟ್ಟಿದ್ದಾನೆ. ಮೂರರಲ್ಲೂ ಕೊನೆಯ ‘ಯ’ದಲ್ಲಿ ಯೆಹೋವನ ಹೆಸರಿದೆ.