ಆಟೋಮ್ಯಾಟಿಕ್ ಗೇರ್ ಜಾರುತ್ತಿದೆಯೇ? ಮೊದಲು ಆಯಿಲ್ ನೋಡಿ

'ಡಿ'ಗೆ (ಡ್ರೈವ್) ಹಾಕಿ ಎರಡು ಮೂರು ಸೆಕೆಂಡ್ ಆದ ಮೇಲೆ ಕಾರು ಧಡಕ್ಕನೆ ಹೊರಡುತ್ತದೆ. ಅಥವಾ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ದಾಟಿಸುವ ಭಾಗ) ಇರುವ ಗೇರ್‌ಬಾಕ್ಸ್‌ನಲ್ಲಿ ಇವೆರಡಕ್ಕೂ ಮೊದಲ ಅನುಮಾನ ಗೇರ್‌ಬಾಕ್ಸ್ ಆಯಿಲ್ ಮೇಲೆ: ಅದು ಕಡಿಮೆಯಾದರೆ ಒತ್ತಡ ಸಾಲದೆ ಕ್ಲಚ್ ಪ್ಲೇಟುಗಳು ಜಾರುತ್ತವೆ. (ಎಎಂಟಿ, ಅಂದರೆ ಕ್ಲಚ್ ಮತ್ತು ಗೇರನ್ನು ಯಂತ್ರವೇ ಬದಲಿಸುವ ಕಾರಿನ ಕಥೆಯೇ ಬೇರೆ, ಅದರೊಳಗಿರುವುದು ಮ್ಯಾನುವಲ್ ಗೇರ್‌ಬಾಕ್ಸೇ.)

15 ಕಿಲೋಮೀಟರ್ ಓಡಿಸಿ, ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿ. ಬ್ರೇಕ್ ಒತ್ತಿಕೊಂಡೇ ಎಲ್ಲ ಗೇರ್‌ಗಳಿಗೂ ಒಮ್ಮೆ ಹಾಕಿ 'ಪಿ'ಗೆ (ಪಾರ್ಕ್) ತನ್ನಿ. ಬಹುತೇಕ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡಬೇಕು. ಹೋಂಡಾದಂಥ ಕೆಲವದರಲ್ಲಿ ಆಫ್ ಮಾಡಿ. ಡಿಪ್‌ಸ್ಟಿಕ್ಕೇ ಇಲ್ಲದಿದ್ದರೆ ಲಿಫ್ಟ್ ಇರುವ ಗ್ಯಾರೇಜೇ ಗತಿ.

ಆಯಿಲ್ ಕೆಂಪಗೆ, ತಿಳಿಯಾಗಿದ್ದರೆ ಸರಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟುಗಳು ಸವೆದಿವೆ. ಹೊಸ ಆಯಿಲ್ ಅದನ್ನು ಸರಿಮಾಡದು. ಸ್ಟ್ರಾಬೆರಿ ಮಿಲ್ಕ್‌ಶೇಕಿನಂತಿದ್ದರೆ ಕೂಲಂಟ್ (ರೇಡಿಯೇಟರ್ ದ್ರವ) ಬೆರೆತಿದೆ, ಕಾರು ಓಡಿಸಲೇಬೇಡಿ, ಟೋ ಮಾಡಿಸಿ.

ಆಯಿಲ್ ಬದಲಿಸುವಾಗ ಕಾರಿನ ಕೈಪಿಡಿ ಹೇಳಿದ ಗ್ರೇಡನ್ನೇ ತನ್ನಿ. ಸಿವಿಟಿಗೆ (ಗೇರ್‌ಗಳ ಬದಲು ಬೆಲ್ಟ್, ಪುಲ್ಲಿ ಇರುವ ಗೇರ್‌ಬಾಕ್ಸ್) ಸಾಮಾನ್ಯ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಹಾಕಿದರೆ ಕೆಟ್ಟಿತೆಂದೇ ಲೆಕ್ಕ. ಡ್ರೈನ್ ಮಾಡಿದಾಗ ಎಲ್ಲ ಆಯಿಲ್ ಹೊರಬರುವುದಿಲ್ಲ, ಉಳಿದದ್ದು ಕನ್ವರ್ಟರ್‌ನಲ್ಲಿರುತ್ತದೆ. ಹಳೆಯ ಮಟ್ಟ ಸರಿಯಿದ್ದರೆ ಬಂದಷ್ಟನ್ನೇ ಅಳೆದು ಹಾಕಿ, ಮತ್ತೆ ಮಟ್ಟ ನೋಡಿ. ಗೇರ್‌ಬಾಕ್ಸ್ ತಳದ ಆಯಿಲ್ ಪ್ಯಾನಿನ ಮ್ಯಾಗ್ನೆಟ್ ಮೇಲೆ ಬೂದು ಪೇಸ್ಟ್ ಸಹಜ; ಲೋಹದ ಚೂರು ಕಂಡರೆ ಗೇರ್‌ಬಾಕ್ಸ್ ಬಿಚ್ಚಿಸಬೇಕು.

ಆಯಿಲ್ ಸರಿಯಿದ್ದೂ ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ಚೆಕ್ ಎಂಜಿನ್ ಲೈಟ್ ಉರಿದರೆ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನ ದೋಷದ ಕೋಡ್ ಓದುವ ಉಪಕರಣ) ಹಾಕಿ. ಪಿ0750 ಕೋಡ್ ಬಂದರೆ ಶಿಫ್ಟ್ ಸೊಲೆನಾಯ್ಡ್ (ಗೇರ್ ಬದಲಿಸಲು ಆಯಿಲ್ ಹರಿವು ನಿಯಂತ್ರಿಸುವ ವಿದ್ಯುತ್ ವಾಲ್ವ್) ಕಡೆಯ ದೋಷ. ಸೊಲೆನಾಯ್ಡ್ ಕೊಳ್ಳುವ ಮುಂಚೆ ಕನೆಕ್ಟರ್ ಬಿಚ್ಚಿ ತುಕ್ಕು, ಕಡಿದ ವೈರ್, ಬ್ಯಾಟರಿ ವೋಲ್ಟೇಜ್ ನೋಡಿ.